ಅಪ್ಪ ಹಾಕಿದ ಕಚ್ಚು

ರಾಯಚೂರಿನಲ್ಲಿ ಒಬ್ಬ ಮನುಷ್ಯನನ್ನು ನಾನು ಹಾಡಹಗಲು, ನಾಲ್ಕು ಜನರ ಎದುರು ಕಳ್ಳ ಎಂದು ಕರೆದೆ. ಅವನು ಕಳ್ಳನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹೇಳುತ್ತ ಹೇಳುತ್ತ ಮಾತನ್ನು ನನ್ನ ಕಡೆಗೇ ವಾಲಿಸಿಕೊಳ್ಳುವ ಚಾಳಿ ನನಗುಂಟು. ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿದವನಿಗೆ ತಾನು ಹೇಳಿದ್ದೇ ಸರಿ ಎನ್ನುವ ರೋಗ ಅಂಟಿಕೊಂಡಿರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ನಮ್ಮದು ಕುರಿ ಕಾಯುವ ಮನೆತನ. ಅಲ್ಲಿಂದ ಎರಡು ಹರದಾರಿ ದೂರದ ನಮ್ಮೂರಿನಲ್ಲಿ ಅಪ್ಪ ಆಗಲೂ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿಯ ಬೆನ್ನು ಹತ್ತಿ ಅಡ್ಡಾಡುತ್ತಿದ್ದ. ಮನೆತನದಲ್ಲಿ ಬೂಟು ಹಾಕಿದ ಮೊದಲಿಗ ನಾನು, ಹಾಗಾಗಿ ಕಾರಿಗೂ ನಾನೇ ಮೊದಲಿಗನಾಗಬೇಕು ಎಂದು ತಲೆಗೆ ಹೊಕ್ಕಿತು. ಊರಿನ ಸರ್ಕಾರಿ ಡಾಕ್ಟರರಿಗೆ ವರ್ಗವಾದಾಗ ಅವರ ಹಳೆಯ ಅಂಬಾಸಡರ್ ಅಗ್ಗಕ್ಕೆ ಸಿಕ್ಕಿತು. ಅಗ್ಗವೆಂದರೂ ಮಾಸ್ತರನ ಸಂಬಳಕ್ಕೆ ಎಟುಕುವ ಮಾತಾಗಿರಲಿಲ್ಲ, ಅಪ್ಪ ಕುರಿ ಮಾರಿ ಕೊಟ್ಟ. ಆಮೇಲೆ ಕಾರು ಹತ್ತಿದಾಗಲೆಲ್ಲ ಸೀಟನ್ನು ತಟ್ಟಿ, “ನಲವತ್ತು ಕುರಿ ಕುಂತಾವ ಒಳಗ, ಸಾವಕಾಶ ಹೊಡಿ” ಎನ್ನುತ್ತಿದ್ದ. ಮಂದಿಯ ಮುಂದೆ ಹಾಗೆ ಅಂದರೆ ನನಗೆ ಮೈ ಉರಿಯುತ್ತಿತ್ತು.

ತಂಗಿಯ ಮದುವೆ ಮಾನ್ವಿ ತಾಲೂಕಿನ ಮಲ್ಲಟದ ಹುಡುಗನ ಜೊತೆ ಗೊತ್ತಾಯಿತು. ನಿಶ್ಚಯದ ದಿನ ಬೀಗರ ಕಟ್ಟೆಯ ಮೇಲೆ ಕೂತು, “ಮದಿಮಗಳನ್ನ ನಮ್ಮ ಸ್ವಂತ ಕಾರಿನಾಗ ಕರಕೊಂಡು ಬರ್ತೀವ್ರಿ” ಎಂದು ಕೊಚ್ಚಿಕೊಂಡೆ. ಅಲ್ಲಿಂದ ಎದ್ದು ಕಾರು ಹತ್ತಿ ಊರ ಅಗಸಿ ದಾಟುವಷ್ಟರಲ್ಲಿ ಮುಂದಿನಿಂದ ಉಗಿ ಏಳತೊಡಗಿತು. ಬೀಗರು ಕೊಡ ಹೊತ್ತು ಓಡಿ ಬಂದರು. ದೊಡ್ಡ ಬಲ್ಲವನ ಹಾಗೆ ನಾನು ರೇಡಿಯೇಟರಿನ ಮುಚ್ಚಳ ತಿರುವಿದೆ. ಕುದಿಯುವ ನೀರು ಆಳೆತ್ತರ ಚಿಮ್ಮಿ, ಬೀಗರೆಲ್ಲ ಪಂಜೆ ಎತ್ತಿಕೊಂಡು ದಿಕ್ಕಾಪಾಲಾಗಿ ಓಡಿದರು. ಅವತ್ತು ದಾರಿಯಲ್ಲಿ ಸಿಕ್ಕ ಬಾವಿಗಳಿಗೆಲ್ಲ ಇಳಿದು ನೀರು ಹಾಕುತ್ತ, ಸಂಜೆಯ ಹೊತ್ತಿಗೆ ಮನೆ ಮುಟ್ಟಿದೆವು.

ರೇಡಿಯೇಟರ್ ಬದಲಾಯಿಸದೆ ಗತಿಯಿರಲಿಲ್ಲ, ಮದುವೆಗೆ ಇನ್ನು ಹನ್ನೆರಡು ದಿನವಿತ್ತು. ದೇವದುರ್ಗದ ಮೆಕ್ಯಾನಿಕ್ಕು ಹಳೆಯದನ್ನು ಬಿಚ್ಚಿ ಕೊಟ್ಟು, ಅಳತೆಗೆ ಇದನ್ನೇ ಒಯ್ಯಿರಿ ಎಂದ. ರಾಯಚೂರಿಗೆ ನಾನು ಒಬ್ಬನೇ ಹೋಗುವವನಿದ್ದೆ, ಅಪ್ಪ ಬಿಡಲಿಲ್ಲ. “ಮಾಲು ಆರಿಸೋದು ನಿನಗೇನು ಗೊತ್ತಲೇ” ಎನ್ನುತ್ತ ರೇಡಿಯೇಟರನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಕಂಡಕ್ಟರ್ ಬಗ್ಗಿ ನೋಡಿ, “ಮರಿ ಏನಜ್ಜ?” ಎಂದು ಕೇಳಿದ. “ಮರಿ ಅಲ್ಲಪ, ಮುದಿ ಟಗರು. ಇದಕ್ಕೂ ಟಿಕೇಟ್ ಹರೀತೀಯೇನು?” ಎಂದ ಅಪ್ಪ. ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಆಚೆ ನೋಡುತ್ತ ಕೂತೆ.

ರಾಯಚೂರಿನಲ್ಲಿ ಗಂಜಿಗೆ, ಅಂದರೆ ದವಸದ ಪೇಟೆಗೆ ಹೋಗುವ ರಸ್ತೆಯ ಪಕ್ಕಕ್ಕೆ ರೇಡಿಯೇಟರ್ ರಿಪೇರಿ ಮಾಡುವ ಆ ಮಿಸ್ತ್ರಿಯ ಅಂಗಡಿ. ತಗಡಿನ ಸೂರು, ನೀರಿನ ದೊಡ್ಡ ತೊಟ್ಟಿ, ಬೆಸುಗೆಯ ಒಲೆ. ಐವತ್ತು ದಾಟಿದ ಸಾಬರು, ತೆಳ್ಳಗಿನ ಆಳು, ಕೈಯ ತುಂಬ ಸುಟ್ಟ ಕಲೆ. ನಮ್ಮ ರೇಡಿಯೇಟರನ್ನು ಬೆಳಕಿಗೆ ಹಿಡಿದು ಕೊಳವೆಗಳ ಒಳಗೆ ಒಂದು ತಂತಿ ತೂರಿಸಿ ನೋಡಿ ತಲೆ ಅಲ್ಲಾಡಿಸಿದರು.

“ಇದರ ಆಯುಷ್ಯ ಮುಗದದ ಮಾಸ್ತರ್ ಸಾಬ್. ಸವಳು ನೀರು ಹಾಕಿ ಹಾಕಿ ಒಳಗ ಉಪ್ಪು ಕಲ್ಲಾಗ್ಯದ. ಬೆಸಿಗಿ ಹಚ್ಚಿ ಕೊಟ್ಟು ರೊಕ್ಕ ಇಸ್ಕೊಬಹುದು ನಾನು. ಎಂಟು ದಿನಕ್ಕ ನೀವು ಬಂದು ನನ್ನ ಬೈತೀರಿ.”

ಬದಲಿಗೆ ಮೂರು ರೇಡಿಯೇಟರ್ ತಂದು ಗೋಡೆಗೆ ಆನಿಸಿ ಇಟ್ಟರು. ಒಂದು ಹೈದರಾಬಾದಿನಿಂದ ಬಂದ ಹೊಚ್ಚ ಹೊಸದು, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಇನ್ನೊಂದು ಜೀಪಿನದು, ಕೂರಿಸಬೇಕಾದರೆ ಕಾರಿನ ತಗಡು ಕತ್ತರಿಸಬೇಕು. ಮೂರನೆಯದು ನಮ್ಮ ಕಾರಿನಂಥದೇ ಬೇರೊಂದು ಹಳೆ ಕಾರಿನಿಂದ ಬಿಚ್ಚಿದ್ದು, ಧೂಳು ಮೆತ್ತಿಕೊಂಡು ನೋಡಲು ಬೇಸರವಾಗುವಂತಿತ್ತು. ನನ್ನ ಕಣ್ಣು ಹೊಸದರ ಮೇಲೆ ನೆಟ್ಟುಹೋಯಿತು. ಬೀಗರ ಎದುರು ಬಾನೆಟ್ಟು ಎತ್ತಿದರೆ ಹೇಗೆ ಕಂಡೀತು ಎಂದೆಲ್ಲ ಲೆಕ್ಕ ಹಾಕಿಯಾಗಿತ್ತು.

ಅಪ್ಪ ಮೂರರ ಮುಂದೆಯೂ ಕುಕ್ಕರಗಾಲಲ್ಲಿ ಕೂತ. ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ ತೂಕ ನೋಡಿದ, ಬೆರಳ ಗಣ್ಣಿನಿಂದ ಬಡಿದು ಸದ್ದು ಕೇಳಿದ, ಬಾಯಿಗೆ ಬಾಯಿ ಹಚ್ಚಿ ಊದಿದ. ಸಂತೆಯಲ್ಲಿ ಟಗರು ಆರಿಸುವಾಗಲೂ ಹೀಗೆಯೇ, ಹಲ್ಲು ನೋಡಿ, ಸೊಂಟ ಒತ್ತಿ, ಬಾಲ ಎತ್ತಿ ನೋಡುತ್ತಾನೆ. ನಾನು ನಾಚಿಕೆಯಿಂದ ಸಾಯುತ್ತಿದ್ದೆ, ಮಿಸ್ತ್ರಿ ಮಾತ್ರ ಕೈಯ ಕೆಲಸ ಬಿಟ್ಟು ಕುತೂಹಲದಿಂದ ನೋಡುತ್ತಿದ್ದರು. ಕೊನೆಗೆ ಅಪ್ಪ ಧೂಳಿನದರ ಬೆನ್ನು ತಟ್ಟಿ, “ಇದು ಗಟ್ಟಿ ಅದ” ಎಂದ.

“ಯಜಮಾನ್ರು ಬರೋಬ್ಬರಿ ಹಿಡದ್ರಿ” ಎಂದು ಮಿಸ್ತ್ರಿ ನಕ್ಕರು. “ಹೊಸದು ಮೂರು ಸಾಲು ಕೊಳವಿಂದು. ಇದು ನಾಕು ಸಾಲಿಂದು, ಹಿತ್ತಾಳಿನೂ ದಪ್ಪ ಅದ. ನಮ್ಮ ಬ್ಯಾಸಿಗಿಗೆ ಇದ ಬೇಕು. ಒಳಗ ತೊಳದು, ನೀರಾಗ ಮುಳುಗಿಸಿ ಗಾಳಿ ನೋಡಿ, ಬಣ್ಣ ಬಡದು ಇಡ್ತೀನಿ. ಮೂರು ದಿನ ಬಿಟ್ಟು ಬರ್ರಿ.” ಆಮೇಲೆ ನನ್ನನ್ನು ಪಕ್ಕದ ಅಂಗಡಿಗೆ ಚಾ ಕುಡಿಯಲು ಕರೆದೊಯ್ದರು. ಅಪ್ಪ ಚಾ ಒಲ್ಲೆ ಎಂದು ಅಲ್ಲೇ ಕೂತಿದ್ದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಗುಟ್ಟು ಹೇಳಿದ. “ಗುರುತು ಮಾಡೇನಿ. ಹಿಂದ, ಬಲಕಿನ ಮೂಲಿಗೆ, ಹಿತ್ತಾಳಿ ಅಂಚಿಗೆ ಒಂದು ಕಚ್ಚು. ನೀವು ಚಾ ಕುಡಿಯಾಕ ಹೋದಾಗ ಅಲ್ಲೇ ಬಿದ್ದಿದ್ದ ಅರ ತಗೊಂಡು ಉಜ್ಜಿ ಹಾಕೇನಿ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಒಂದೊಂದು ಮನೆತನದ ಕುರಿಗೂ ಒಂದೊಂದು ಕಿವಿಗುರುತು. ಬಲಗಿವಿಯ ಹಿಂದಿನ ಅಂಚಿಗೆ ಮೂರು ಮೂಲೆಯ ಸಣ್ಣ ಕಚ್ಚು ನಮ್ಮದು. ಸಂತೆಯಲ್ಲಿ ಮರಿ ಆರಿಸಿ ಮುಂಗಡ ಕೊಟ್ಟು, ನಾಳೆ ಬಂದು ಹೊಡೆದುಕೊಂಡು ಹೋಗುತ್ತೇನೆ ಅಂದಾಗ, ಮಾರುವವನ ಕಣ್ಣು ತಪ್ಪಿಸಿ ಕಿವಿಗೆ ಕಚ್ಚು ಹಾಕಿ ಬರುವುದು ರೂಢಿ. ಇಲ್ಲದಿದ್ದರೆ ನಾಳೆ ಬಡಕಲು ಮರಿ ಗಂಟು ಬೀಳುತ್ತದೆ. ಇದಕ್ಕೆ ಇನ್ನೊಂದು ಕಟ್ಟಳೆಯೂ ಉಂಟು: ಜಗಳ ಬಿದ್ದರೂ ಗುರುತು ಎಲ್ಲಿದೆ, ಎಂಥದು ಎಂದು ಎದುರಾಳಿಗೆ ಬಾಯಿ ಬಿಡಬಾರದು. ಬಿಟ್ಟರೆ ಅವನು ಅಂಥದೇ ಕಚ್ಚನ್ನು ಬೇರೆ ಕಿವಿಗೆ ಹಾಕಿ ತರುತ್ತಾನೆ. ಆ ದಿನ ಅಪ್ಪನ ಬುದ್ಧಿಗೆ ನಾನೂ ತಲೆದೂಗಿದೆ. “ಛಲೋ ಮಾಡಿದಿ ಬಿಡು” ಎಂದೆ.

ಮೂರು ದಿನ ಬಿಟ್ಟು ನಾನೊಬ್ಬನೇ ಹೋದೆ. ಮಾನ್ವಿಯ ಲಾರಿ ಧಣಿಯೊಬ್ಬ ತನ್ನ ಎರಡು ಲಾರಿಗಳ ರೇಡಿಯೇಟರ್ ಇಳಿಸಿ, ನಡುವಿನ ಬೆಲ್ಟಿಗೆ ಕೈ ಸಿಗಿಸಿಕೊಂಡು ನಿಂತಿದ್ದ. ಇನ್ನೂ ಇಬ್ಬರು ಗಿರಾಕಿಗಳಿದ್ದರು. ಮಿಸ್ತ್ರಿ ನಮ್ಮ ರೇಡಿಯೇಟರನ್ನು ಎತ್ತಿ ತಂದು ಮುಂದಿಟ್ಟರು. ಕರೀ ಬಣ್ಣ ಹೊಡೆದು, ಬಾಯಿಗೆ ಹೊಸ ಮುಚ್ಚಳ ಹಾಕಿದ್ದರು. ನಾನು ಬಗ್ಗಿ ಹಿಂದಿನ ಬಲ ಮೂಲೆ ನೋಡಿದೆ. ಕಚ್ಚು ಇರಲಿಲ್ಲ. ಅಂಚು ಉದ್ದಕ್ಕೂ ನೆಟ್ಟಗಿತ್ತು.

ಇಲ್ಲಿ ನಾನು ಯಾರಿಗೂ ಹೇಳದೇ ಉಳಿಸಿಕೊಂಡ ಮಾತೊಂದಿದೆ. ಅಂಚಿನ ಮೇಲೆ ಬೆರಳಾಡಿಸಿದಾಗ ಆ ಜಾಗಕ್ಕೇ ಸರಿಯಾಗಿ ಒಂದು ಸಣ್ಣ ಗಂಟು ತಾಗಿತು, ಕಡಲೆಬೇಳೆಯಷ್ಟು. ಇದೇನು ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಗೋಡೆಗೆ ಆನಿಸಿದ್ದ ಹೊಸ ರೇಡಿಯೇಟರ್ ಕಣ್ಣಿಗೆ ಬಿತ್ತು. ಬೆರಳು ತೆಗೆದೆ. ಹುಡುಕಿದ್ದು ಸಿಗಬಾರದು ಎಂದುಕೊಂಡೇ ಹುಡುಕುವ ಮನುಷ್ಯನಾಗಿದ್ದೆ ನಾನು.

“ಇದು ನಾವು ಆರಿಸಿದ್ದಲ್ಲ” ಎಂದೆ.

“ಅದೇ ಮಾಲು ಮಾಸ್ತರ್ ಸಾಬ್. ಈ ಕೈಲೆ ತೊಳದೀನಿ.”

“ನಮ್ಮ ಗುರುತು ಇತ್ತು ಅದಕ್ಕ. ಇದಕ್ಕ ಇಲ್ಲ.”

“ಏನು ಗುರುತು, ಹೇಳ್ರಲಾ. ನೋಡೋಣು.”

“ಯಾಕ, ಹೇಳಿದ್ರ ಈಗ ಹಾಕಿ ತೋರಸ್ತೀಯೇನು?”

ಒಂದೇ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಅಷ್ಟು ದಿನ ಯಾವ ಕುರಿ ಕಾಯುವ ಮನೆತನವನ್ನು ಮರೆಮಾಚಿಕೊಂಡು ಬೂಟು ಹಾಕಿ ತಿರುಗಿದ್ದೆನೋ, ಅದರ ಕಟ್ಟಳೆ ಸರಿಯಾಗಿ ಅವತ್ತೇ ನನಗೆ ನೆನಪಾಯಿತು. ಅಪ್ಪನ ವಯಸ್ಸಿಗೆ ಹತ್ತಿರವಾದ ಮನುಷ್ಯನನ್ನು ಏಕವಚನದಲ್ಲಿ ಝಾಡಿಸಿದೆ. ಹಳ್ಳಿಯಿಂದ ಬಂದ ನಮ್ಮಂಥವರಿಗೆ ಪೇಟೆ ಮಂದಿ ಮೊದಲಿನಿಂದಲೂ ಹೀಗೇ ಟೋಪಿ ಹಾಕುತ್ತ ಬಂದಿದ್ದೀರಿ ಎಂದೆ, ಮಾಲು ಬದಲಿಸುವ ಕಳ್ಳ ಎಂದೆ. ಪಾಠ ಹೇಳಿ ಪಳಗಿದ ಗಂಟಲು, ರಸ್ತೆಯ ಆಚೆಯವರೂ ನಿಂತು ಕೇಳಿದರು. ಮಿಸ್ತ್ರಿ ಎರಡು ಸಲ ಖುದಾ ಕಸಮ್ ಎಂದರು. ಲಾರಿ ಧಣಿ ತನ್ನ ಎರಡೂ ರೇಡಿಯೇಟರನ್ನು ಕೂಲಿಯವನ ತಲೆಗೆ ಹೊರಿಸಿ, “ನನ್ನವು ಇನ್ನೊಮ್ಮೆ ನೋಡ್ತೀನ್ರಿ ಮಿಸ್ತ್ರಿ” ಎಂದು ಹೊರಟೇ ಹೋದ. ಅದನ್ನು ಕಂಡ ಮಿಸ್ತ್ರಿ ಹೊಸ ರೇಡಿಯೇಟರನ್ನು ತಂದು ನನ್ನ ಕಾಲ ಬಳಿ ಇಟ್ಟು, “ಇದನ್ನ ಒಯ್ಯಿರಿ. ಅದೇ ರೊಕ್ಕಕ್ಕ ಒಯ್ಯಿರಿ. ಕೂಗಬ್ಯಾಡ್ರಿ ಮಾತ್ರ” ಎಂದರು.

ಒಯ್ದೆ. ದಾರಿಯುದ್ದಕ್ಕೂ ಗೆದ್ದವನ ಖುಷಿಯಲ್ಲಿದ್ದೆ.

ಮನೆಯಲ್ಲಿ ಅಪ್ಪ ಹೊಸದರ ಕಡೆ ನೋಡಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, “ಅಂಚಿಗೆ ಬೆರಳು ಆಡಿಸಿ ನೋಡಿದೇನು?” ಎಂದ.

“ನೋಡಿದೆ.”

“ಏನರ ತಾಕಿತೇನು?”

“ಏನೂ ಇಲ್ಲ” ಎಂದೆ.

ಅಪ್ಪ ಮರುದಿನ ಹೊತ್ತು ಹುಟ್ಟುವ ಮೊದಲೇ ಹೊಸ ರೇಡಿಯೇಟರನ್ನು ಕಂಬಳಿಯಲ್ಲಿ ಸುತ್ತಿಕೊಂಡು, “ಏಳು, ಬಸ್ಸಿಗೆ ಹೊತ್ತಾತು” ಎಂದು ನನ್ನನ್ನು ಎಬ್ಬಿಸಿದ.

ಅಂಗಡಿಯಲ್ಲಿ ಮಿಸ್ತ್ರಿ ಒಬ್ಬರೇ ಇದ್ದರು. ನಾನು ಬಿಟ್ಟುಹೋದ ರೇಡಿಯೇಟರ್ ಗೋಡೆಗೆ ಆನಿಕೊಂಡು ಹಾಗೇ ನಿಂತಿತ್ತು. ಅಪ್ಪ ಯಾರನ್ನೂ ಕೇಳದೆ ಅದರ ಹಿಂದೆ ಕೂತು, ಸೊಂಟದ ಚೀಲದಿಂದ ಮರಿಗಳ ಕಿವಿ ಕೊಯ್ಯುವ ಚಾಕು ತೆಗೆದು ಮೂಲೆಯ ಕರೀ ಬಣ್ಣವನ್ನು ಹೆರೆದ. ಹಳದಿ ಹಿತ್ತಾಳೆಯ ಅಂಚಿನಲ್ಲಿ ಬೆಳ್ಳಗೆ ಬೆಸುಗೆ ತುಂಬಿದ ಮೂರು ಮೂಲೆ ಕಾಣಿಸಿತು. ನಮ್ಮ ಮನೆತನದ ಕಚ್ಚು, ಚೂರೂ ಹೆಚ್ಚುಕಡಿಮೆಯಿರಲಿಲ್ಲ.

“ಇದನ್ನ ಯಾಕ ತುಂಬಿದ್ರಿ ಮಿಸ್ತ್ರಿ?” ಎಂದ ಅಪ್ಪ.

“ಅಂಚು ಹರದಿತ್ತು ಯಜಮಾನ್ರ. ನನ್ನ ಅಂಗಡ್ಯಾಗ ಎಲ್ಲೋ ತಾಗಿ ಹರದದ ಅನ್ಕೊಂಡೆ. ನೀವು ಅಷ್ಟು ನೋಡಿ ಆರಿಸಿದ ಮಾಲು, ಹರದದ್ದು ನಿಮ್ಮ ಕೈಯಾಗ ಹ್ಯಾಂಗ ಕೊಡ್ಲಿ?”

ಅಪ್ಪ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ನನಗೆ ಗೊತ್ತಿದ್ದಂತೆ ದೇವರ ಮುಂದೆ ಬಿಟ್ಟು ಬೇರೆಲ್ಲೂ ಅವನು ರುಮಾಲು ತೆಗೆದವನಲ್ಲ. “ಕಚ್ಚು ಹಾಕಿದವ ನಾನ್ರಿ. ಕುರಿ ಮಂದಿ ನಾವು, ನಂಬಿಗಿ ಕಲೀಲಿಲ್ಲ. ತಪ್ಪು ನಂದು, ನನ್ನ ಮಗಂದಲ್ಲ” ಎಂದ. ನಾನು ಹೊಸ ರೇಡಿಯೇಟರನ್ನು ಎದೆಗವಚಿಕೊಂಡು ಹೊಸ್ತಿಲ ಹೊರಗೇ ನಿಂತಿದ್ದೆ. ಗಂಟಿನ ಸಂಗತಿ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತಿತು. ಅಪ್ಪನ ತಲೆ ಬೋಳಾಗಿತ್ತು, ಆ ಬೋಳುತಲೆಯ ಹಿಂದೆ ನಾನು ಅಡಗಿಕೊಂಡಿದ್ದೆ.

ಮಿಸ್ತ್ರಿ ಸಿಟ್ಟು ಮಾಡಲಿಲ್ಲ. ರುಮಾಲನ್ನು ಅಪ್ಪನ ಕೈಯಿಂದ ತೆಗೆದು ತಾವೇ ಅವನ ತಲೆಯ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ನನಗ ಹೇಳಿದ್ರ ಏನು ಬಂತು ಮಾಸ್ತರ್ ಸಾಬ್? ಆ ಮಾನ್ವಿ ಧಣಿಗೆ ಒಂದು ಮಾತು ಹೇಳ್ರಿ. ಅಂವ ನಂಬಿಗಿ ಗಿರಾಕಿ. ಅಂವ ಹೋದ್ರ ಆ ಕಡಿ ಲಾರಿ ಎಲ್ಲಾ ಅವನ ಹಿಂದ ಹೋಗ್ತಾವ. ನನ್ನ ಹೊಟ್ಟಿ ನಡೆಯೋದು ಅವರ ಮ್ಯಾಲೆ” ಎಂದರು.

“ಹೇಳ್ತೀನ್ರಿ” ಎಂದೆ.

“ಹೇಳ್ತಾನ” ಎಂದ ಅಪ್ಪ. “ನನ್ನ ಮಗ ಅದಾನ, ಹೇಳ್ತಾನ.”

ಧಣಿಯನ್ನು ಹುಡುಕಿಕೊಂಡು ಹೋಗುವ ಕಷ್ಟವನ್ನೂ ದೇವರು ನನಗೆ ಕೊಡಲಿಲ್ಲ. ಮದುವೆಯ ದಿನ ಮಲ್ಲಟದಲ್ಲಿ ನೋಡಿದರೆ ಅವನು ಗಂಡಿನ ಸೋದರಮಾವ. ಹೊಸದನ್ನು ಮಿಸ್ತ್ರಿಗೆ ಒಪ್ಪಿಸಿ ತಂದ ನಾಲ್ಕು ಸಾಲಿನ ರೇಡಿಯೇಟರ್ ಹಾಕಿದ ಕಾರು ಚೂರೂ ಉಗಿಯೇಳದೆ ತಂಗಿಯನ್ನು ಮುಟ್ಟಿಸಿತ್ತು. ಅಕ್ಕಿಕಾಳು ಬಿದ್ದು, ಊಟದ ಸಾಲಿನಲ್ಲಿ ಅಪ್ಪನ ಪಕ್ಕಕ್ಕೆ ನಾನು, ನಮ್ಮ ಎದುರಿಗೆ ಅವನು ಕೂತಿದ್ದ. ಎಲೆಗೆ ಹುಗ್ಗಿ ಬಿದ್ದಿತ್ತು. ಅವನು ನನ್ನನ್ನು ಗುರುತು ಹಿಡಿದು ಸಾಲಿಗೆಲ್ಲ ಕೇಳುವಂತೆ ಕೂಗಿದ. “ಏ, ಇವರ ಅಲ್ಲೇನ್ರಿ ಆ ರಾಯಚೂರು ಕಳ್ಳನ್ನ ಹಿಡದ ಮಾಸ್ತರು! ಭಾಳ ಹುಷಾರ್ ಅದಾರ ನಮ್ಮ ಬೀಗರು. ನಾನೂ ಅವತ್ತ ಅವನ್ನ ಬಿಟ್ಟೆ, ನಮ್ಮ ಲಾರಿ ಮಂದಿಗೆಲ್ಲ ಹೇಳೇನಿ.”

ಸಾಲೆಲ್ಲ ನನ್ನ ಕಡೆ ತಿರುಗಿತು. ಹೊಸ ಅಳಿಯನೂ ಮೆಚ್ಚಿ ನೋಡುತ್ತಿದ್ದ. ಅಪ್ಪ ಬಾಯಿಗೆ ಒಯ್ದ ತುತ್ತನ್ನು ಹಾಗೇ ಹಿಡಿದುಕೊಂಡು ಕಾಯುತ್ತಿದ್ದ. ನಾನು ಏನು ಹೇಳಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹತ್ತು ಮಾತು ಸಾಕಿತ್ತು. ಆದರೆ ಅಷ್ಟು ಜನ ಬೀಗರ ಎದುರು, ಆ ಹುಷಾರ್ ಮಾಸ್ತರು ಒಬ್ಬ ಮೂರ್ಖ ಎಂದು ನಾನೇ ಹೇಳಿಕೊಳ್ಳಬೇಕಿತ್ತು. “ಏನೋ ಬಿಡ್ರಿ” ಎಂದು ನಕ್ಕೆ.

ಅಪ್ಪ ತುತ್ತನ್ನು ಎಲೆಯ ಮೇಲೆ ಇಳಿಸಿ ಕೈ ಝಾಡಿಸಿದ. ತಾನೇ ಹೇಳಬಹುದಿತ್ತು. ಹೇಳಿದ್ದರೆ ಮಗಳ ಮದುವೆಯ ದಿನ ಮಗನ ಮಾನ ಹರಾಜಾಗುತ್ತಿತ್ತು. ನನಗೋಸ್ಕರ ಬಾಯಿ ಮುಚ್ಚಿಕೊಂಡ, ಬಾಯಿ ಮುಚ್ಚಿಸಿದ್ದಕ್ಕೆ ನನ್ನನ್ನು ಕ್ಷಮಿಸಲಿಲ್ಲ. ಅವತ್ತು ಬಸ್ಸಿಗೆ ಬರುತ್ತೇನೆಂದು ಉಳಿದವನು ಮುಂದೆಂದೂ ನಮ್ಮ ಕಾರು ಹತ್ತಲಿಲ್ಲ. ಕರೆದಾಗಲೆಲ್ಲ “ನಡ ನೋಯ್ತದ, ನೀ ಹೋಗು” ಎನ್ನುತ್ತಿದ್ದ. ಕೊನೆಯ ಬೇನೆಯಲ್ಲಿ ದವಾಖಾನೆಗೆ ಒಯ್ದದ್ದೂ ಬಾಡಿಗೆ ಜೀಪಿನಲ್ಲಿ.

ಧಣಿಗೆ ಹೇಳಲು ಆಮೇಲೂ ಬೇಕಾದಷ್ಟು ಸಂದರ್ಭವಿತ್ತು. ಹಬ್ಬಕ್ಕೆ ಸಿಕ್ಕ, ತಂಗಿಯ ಮಗನ ಜವಳಕ್ಕೆ ಸಿಕ್ಕ, ಪ್ರತಿ ಸಲವೂ ಇವತ್ತು ಬೇಡ, ಮುಂದಿನ ಸಲ ಎಂದುಕೊಂಡೆ. ರಾಯಚೂರಿಗೆ ಹೋದರೆ ಗಂಜಿನ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಕಾರು ಒಂದು ದಿನವೂ ಕುದಿಯಲಿಲ್ಲ. ಅಪ್ಪ ಬಣ್ಣ ಹೆರೆದ ಆ ಮೂಲೆಯನ್ನು ನಾನು ಮತ್ತೆ ಕರೀ ಬಣ್ಣ ಬಳಿದು ಮುಚ್ಚಿದ್ದೆ, ಆದರೂ ನೀರು ನೋಡಲು ಬಾನೆಟ್ಟು ಎತ್ತಿದಾಗಲೆಲ್ಲ ಆ ಗಂಟು ಬೆರಳಿಗೆ ತಾಗುತ್ತಿತ್ತು.

ಅಪ್ಪ ತೀರಿಕೊಂಡ ಮರುವರ್ಷ, ಎಂಬತ್ತರ ದಶಕದ ನಡುವಿನಲ್ಲಿ, ಕಾರು ಮಾರಿದೆ. ಕೊಳ್ಳಲು ಬಂದವನು ಮಾನ್ವಿಯವನು. ಬಾನೆಟ್ಟು ಎತ್ತಿ ನೋಡಿ ರೇಡಿಯೇಟರ್ ಮೆಚ್ಚಿಕೊಂಡ. ಯಾರ ಕಡೆ ಮಾಡಿಸಿದಿರಿ ಎಂದು ಕೇಳಿದ. ಅಂಗಡಿಯ ಗುರುತು ಹೇಳಿದೆ.

“ಅಂವನಾ? ಅಂವ ಮಾಲು ಬದಲಿ ಮಾಡ್ತಿದ್ದನಂತಲ್ರಿ. ಯಾರೋ ಮಾಸ್ತರು ಹಿಡದಿದ್ರಂತ.”

ಅಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಅವತ್ತು ಹೊರಗೆ ಬಂತು. “ಆ ಮಾಸ್ತರು ನಾನ. ಅದು ಸುಳ್ಳು” ಎಂದೆ. ಕೀಲಿಯಿಂದ ಮೂಲೆಯ ಬಣ್ಣ ಹೆರೆದು ಬೆಳ್ಳನೆಯ ಕಚ್ಚು ತೋರಿಸಿದೆ. ಕುರಿಯ ಕಿವಿ, ಅಪ್ಪನ ಅರ, ನನ್ನ ಬೆರಳಿಗೆ ತಾಗಿದ ಗಂಟು, ಒಂದನ್ನೂ ಬಿಡದೆ ಹೇಳಿದೆ. ಅವನು ಮರ್ಯಾದೆಯಿಂದ ಕೇಳಿಸಿಕೊಂಡು, ಬಗ್ಗಿ ಬೆಸುಗೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ.

“ಅಂದ್ರ ಇಲ್ಲಿ ಹರದದ ಅಂದಂಗಾತು. ಬೆಲಿ ಒಂದೀಟು ಇಳಸ್ರಿ ಮಾಸ್ತರ್.”

ಅವನು ಕೇಳಿದಷ್ಟೂ ಇಳಿಸಿದೆ. ಕೈ ಹಿಡಿದುಕೊಂಡು, ಇದನ್ನು ಮಾನ್ವಿಯಲ್ಲಿ ನಾಲ್ಕು ಮಂದಿ ಲಾರಿಯವರಿಗೆ ಹೇಳಬೇಕು ಎಂದು ಬೇಡಿಕೊಂಡೆ.

“ಈಗ ಹೇಳಿ ಏನು ಮಾಡೋದದ ಬಿಡ್ರಿ” ಎಂದ ಅವನು, ಕಾರಿನ ಬಾಗಿಲು ತೆಗೆಯುತ್ತ. “ಗಿರಾಕಿ ಇಲ್ಲದ ಆ ಅಂಗಡಿ ಮುಚ್ಚಿ ಮೂರು ವರ್ಷ ಆತು. ನಿಮಗ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಆ ರಸ್ತೆಗೆ ನಾನು ಹೋಗುತ್ತಲೇ ಇರಲಿಲ್ಲವಲ್ಲ.